ಯಾವ ತಿಂಗಳೂ ಇಳಿಯದ ಲೆಕ್ಕ

ತಿಂಗಳ ಹನ್ನೆರಡನೇ ತಾರೀಕು, ಸೋಮವಾರ. ಬೆಳಿಗ್ಗೆ 10.20ಕ್ಕೆ ಠಾಣೆಯ ದೂರಿನ ಮೇಜಿನ ಮುಂದೆ ಐವತ್ತೊಂಬತ್ತು ವರ್ಷದ ಹೆಂಗಸೊಬ್ಬಳು ಬಂದು ನಿಂತಳು. ಕೈಯಲ್ಲಿ ಒಂದು ಹಾಳೆ ಇತ್ತು. ಅಂಚಿಗೆ ಅಂಚು ಕೂಡಿಸಿ, ಬೆರಳಿನಿಂದ ತೀಡಿ, ನಾಲ್ಕು ಮಡಿಕೆ ಮಾಡಿದ್ದಳು.

"ಕೂತ್ಕೊಳ್ಳಿ," ಎಂದ ಮೇಜಿನ ಪೇದೆ. ಠಾಣೆಯಲ್ಲಿ ಅವನನ್ನು ಕುಳ್ಳ ಎನ್ನುತ್ತಿದ್ದರು.

"ನಿಂತೇ ಹೇಳ್ತೀನಪ್ಪ. ಕೂತ್ರೆ ಮಂಡಿ ಹಿಡ್ಕೊಳುತ್ತೆ."

"ಏನು ಕಳೆದಿದೆ?"

"ಒಬ್ಬ ಮನುಷ್ಯ ಕಳೆದಿದ್ದಾನೆ. ದುಡ್ಡೂ ಕಳೆದಿದೆ. ಯಾವುದನ್ನ ಮೊದಲು ಬರೆಸ್ಬೇಕೋ ಗೊತ್ತಿಲ್ಲ."

ಕುಳ್ಳ ಆಕೆಯನ್ನು ಇನ್‌ಸ್ಪೆಕ್ಟರ್ ಕೋಣೆಗೆ ಕರೆದುಕೊಂಡು ಹೋದ. ಹೇಳಿಕೆ ಬರೆದುಕೊಳ್ಳಲು ಹೆಡ್ ಕಾನ್‌ಸ್ಟೆಬಲ್ ಬಂದಳು. ನಲವತ್ತೈದು ವರ್ಷದವಳು, ಠಾಣೆಯವರಿಗೆಲ್ಲ ಅಕ್ಕ.

ದೂರುದಾರಳು ದೊಡ್ಡ ಆಸ್ಪತ್ರೆಯ ಬಟ್ಟೆ ವಿಭಾಗದವಳು. ಒಗೆದು ಬಂದ ಹೊದಿಕೆಗಳಿಗೆ ಇಸ್ತ್ರಿ ಹಾಕಿ, ಮಡಿಸಿ, ವಾರ್ಡುಗಳಿಗೆ ಎಣಿಸಿ ಕೊಡುವ ಕೆಲಸ. ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದ್ದಳು. ಬೆಡ್‌ಶೀಟು ಮಡಿಸುವವಳೆಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಶೀಟಮ್ಮ. ಇದೇ ತಿಂಗಳ ಮೂವತ್ತೊಂದಕ್ಕೆ ನಿವೃತ್ತಿ. ಅಂದೇ ಸಂಜೆಯೊಳಗೆ ಸಿಬ್ಬಂದಿ ವಸತಿಯ ಕೋಣೆಯ ಬೀಗದ ಕೈ ಒಪ್ಪಿಸಬೇಕು. ಹೋಗಲು ಊರಾಚೆ ಒಂದು ಕೋಣೆ, ಒಂದು ಅಡುಗೆಮನೆಯ ಸಣ್ಣ ಮನೆ ನೋಡಿದ್ದಳು. ಐದೂವರೆ ಲಕ್ಷಕ್ಕೆ ಮಾತಾಗಿತ್ತು. ಇಪ್ಪತ್ತೈದರೊಳಗೆ ದುಡ್ಡು ಕೊಡದಿದ್ದರೆ ಮನೆ ಇನ್ನೊಬ್ಬರ ಪಾಲು.

"ದುಡ್ಡು ಎಲ್ಲಿಟ್ಟಿದ್ರಿ?" ಎಂದ ಇನ್‌ಸ್ಪೆಕ್ಟರ್.

"ಮ್ಯೂಚುವಲ್ ಫಂಡಲ್ಲಿ. ತಿಂಗಳಿಗೆ ಮೂರು ಸಾವಿರ. ಒಂಬತ್ತು ವರ್ಷ ನಾಲ್ಕು ತಿಂಗಳು."

"ಯಾರ ಮೂಲಕ?"

"ಲೆಕ್ಕದ ಮೇಷ್ಟ್ರ ಮೂಲಕ. ಮೇಷ್ಟ್ರೇನೂ ಅಲ್ಲ, ಏಜೆಂಟು. ಬಿಡಿಸಿ ಬಿಡಿಸಿ ಹೇಳ್ತಾರೆ ಅಂತ ಹಾಗೆ ಕರೀತೀವಿ."

"ಎಷ್ಟು ಸಲ ಬರ್ತಿದ್ದ?"

"ತಿಂಗಳ ಮೊದಲ ಭಾನುವಾರ, ಸಾಯಂಕಾಲ ನಾಲ್ಕಕ್ಕೆ. ಚೆಕ್ ಇಸ್ಕೊಂಡು ಹೊಸ ಸ್ಟೇಟ್‌ಮೆಂಟ್ ಕೊಟ್ಟು, ಹಳೇದನ್ನ ವಾಪಸ್ ತಗೊಂಡು ಹೋಗೋರು. ಎರಡು ಹಾಳೆ ಇದ್ರೆ ತಲೆ ಕೆಡುತ್ತೆ ಅಂತ."

ಹೋದ ತಿಂಗಳು ಆಕೆ ದುಡ್ಡು ವಾಪಸ್ ಕೇಳಿದ್ದಳು. ಮುಂದಿನ ಸಲ ತರುತ್ತೇನೆ ಎಂದಿದ್ದನಂತೆ. ನಾಲ್ಕನೇ ತಾರೀಕು, ಭಾನುವಾರ, ಅವನು ಬರಲಿಲ್ಲ. ಒಂಬತ್ತು ವರ್ಷದಲ್ಲಿ ಅದೇ ಮೊದಲು.

"ಐದಕ್ಕೆ ಟೀ ಆರಿಹೋಯ್ತು. ಆರಕ್ಕೆ ಚೆಲ್ಲಿದೆ. ಫೋನ್ ಮಾಡಿದ್ರೆ ಸ್ವಿಚ್ ಆಫ್."

ಒಂಬತ್ತನೇ ತಾರೀಕು ಅರ್ಧ ದಿನ ರಜೆ ಹಾಕಿ ಫಂಡ್ ಕಂಪನಿಯ ಕಚೇರಿಗೇ ಹೋಗಿದ್ದಳು. ಗುಮಾಸ್ತ ಅವಳ ಖಾತೆಯ ಸಂಖ್ಯೆ ಒತ್ತಿ ನೋಡಿದ. ಸಂಖ್ಯೆ ಸರಿ ಇತ್ತು, ಹೆಸರು ಸರಿ ಇತ್ತು. ವಿಳಾಸ ಅವಳದಲ್ಲ. ಅವಳ ಕೈಯ ಹಾಳೆಯಲ್ಲಿ 5,82,000 ಇತ್ತು, ಕಂಪನಿಯ ಪರದೆಯಲ್ಲಿ 1,46,000.

ಇನ್‌ಸ್ಪೆಕ್ಟರ್ ಹಾಳೆ ಬಿಡಿಸಿ ನೋಡಿದ. ಅಕ್ಷರ, ಮುದ್ರೆ, ಕಂಪನಿಯ ಗುರುತು, ಎಲ್ಲ ನೀಟಾಗಿತ್ತು.

"ಮನೇಲಿ ಯಾರ್ಯಾರಿದ್ದೀರಿ?"

"ನಾನೇ."

"ಈ ವಿಷಯ ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಈಗ ನಿಮಗೆ ಹೇಳಿದೆನಲ್ಲ ಸಾರ್."

ಬೆಳಿಗ್ಗೆ 11.45ಕ್ಕೆ ಎಫ್‌ಐಆರ್ ಸಂಖ್ಯೆ 87 ದಾಖಲಾಯಿತು. ನಂಬಿಕೆ ದ್ರೋಹ, ವಂಚನೆ, ಖೋಟಾ ದಾಖಲೆ ಸೃಷ್ಟಿ.

ಮಧ್ಯಾಹ್ನ 2.30ಕ್ಕೆ ಏಜೆಂಟನ ಕೋಣೆಯ ಪಂಚನಾಮೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ. ಬೀಗ ಹಾಕಿತ್ತು, ಮಾಲೀಕ ತನ್ನ ಬಳಿಯ ಕೀಲಿಯಿಂದ ತೆಗೆದ. ಬಾಡಿಗೆದಾರ ಐದನೇ ತಾರೀಕು ಚೀಲ ಹಿಡಿದು ಹೋದವನು ಮರಳಿಲ್ಲ ಎಂದ. ಬಾಡಿಗೆ ಬಾಕಿ ಇಲ್ಲ, ಗಲಾಟೆ ಇಲ್ಲ, ಇಪ್ಪತ್ತು ವರ್ಷದಲ್ಲಿ ಒಬ್ಬ ನೆಂಟನೂ ಬಂದದ್ದಿಲ್ಲ ಎಂದೂ ಸೇರಿಸಿದ.

ಒಳಗೆ ಮಂಚ, ಮೇಜು, ಪ್ರಿಂಟರ್, ಒಂದು ರಿಮ್ ದಪ್ಪ ಕಾಗದ. ಪಾತ್ರೆ ಇಡುವ ಹಲಗೆಯ ಮೇಲೆ ಒಂದು ತಟ್ಟೆ, ಒಂದು ಲೋಟ. ಕುಳ್ಳ ಪಟ್ಟಿ ಬರೆಯುತ್ತ, "ಕುರ್ಚಿ ಒಂದೇ ಸಾರ್," ಎಂದ. "ಇನ್ನೊಬ್ರು ಬಂದ್ರೆ ಎಲ್ಲಿ ಕೂರಿಸ್ತಿದ್ನೋ."

"ಬಂದಿದ್ರೆ ತಾನೆ," ಎಂದಳು ಅಕ್ಕ.

ಪ್ರಿಂಟರ್ ಮತ್ತು ಕಾಗದವನ್ನು ಜಪ್ತಿ ಮಾಡಿದರು. ಕಡತಗಳನ್ನು ಅವನು ತೆಗೆದುಕೊಂಡು ಹೋಗಿದ್ದ.

ಮರುದಿನ ಬೆಳಿಗ್ಗೆ 8 ಗಂಟೆಗೆ ಇನ್‌ಸ್ಪೆಕ್ಟರ್ ಅಕ್ಕ, ಕುಳ್ಳ ಇಬ್ಬರನ್ನೂ ಕರೆದುಕೊಂಡು ಆಸ್ಪತ್ರೆಯ ಸಿಬ್ಬಂದಿ ವಸತಿಗೆ ಹೋದ. ಶೀಟಮ್ಮನ ಕೋಣೆಯಲ್ಲಿ ಅರ್ಧ ಸಾಮಾನು ಆಗಲೇ ರಟ್ಟಿನ ಪೆಟ್ಟಿಗೆ ಸೇರಿತ್ತು.

"ಹಳೇ ಸ್ಟೇಟ್‌ಮೆಂಟ್ ಒಂದೂ ಇಲ್ವಾ? ಒಂದಾದ್ರೂ?"

"ಹಾಳೆ ಇಲ್ಲ. ಲೆಕ್ಕ ಇದೆ," ಎಂದು ಆಕೆ ಮರದ ಕಪಾಟಿನ ಬಾಗಿಲು ತೆಗೆದಳು.

ಬಿಳಿ ಬಣ್ಣದ ಬಾಗಿಲು. ಅದರ ಒಳಮೈ ಮೇಲಿನಿಂದ ಕೆಳಗಿನವರೆಗೆ ನೀಲಿ ಅಂಕಿಗಳಿಂದ ತುಂಬಿತ್ತು. ಆಸ್ಪತ್ರೆಯ ಬಟ್ಟೆಗೆ ಗುರುತು ಹಾಕುವ ಶಾಯಿ, ನೂರು ಸಲ ಒಗೆದರೂ ಹೋಗುವುದಿಲ್ಲ. ಏಜೆಂಟ್ ಮೆಟ್ಟಿಲು ಇಳಿದ ಮೇಲೆ ಪ್ರತಿ ತಿಂಗಳೂ ಆಕೆ ತಾರೀಕು ಮತ್ತು ಮೊತ್ತವನ್ನು ಅಲ್ಲಿ ಬರೆದಿಟ್ಟಿದ್ದಳು. ನೂರ ಹನ್ನೆರಡು ಸಾಲು.

"ಅವನಿಗೆ ಇದು ಗೊತ್ತಾ?"

"ಬಟ್ಟೆ ಕಪಾಟು ಸಾರ್. ಗಂಡಸ್ರ ಮುಂದೆ ಯಾಕೆ ತೆಗೀತೀನಿ?"

ಅಕ್ಕ ಮೇಲಿನಿಂದ ಬೆರಳಿಟ್ಟು ಓದುತ್ತ ಬಂದಳು. ನಲವತ್ತನೇ ಸಾಲಿನ ಹತ್ತಿರ ಬೆರಳು ನಿಂತಿತು.

"ಸಾರ್, ಇಲ್ಲಿತನಕ ನೋಡಿ. ಒಂದು ತಿಂಗಳು ಏರಿದೆ, ಒಂದು ತಿಂಗಳು ಇಳಿದಿದೆ. ನಿಜವಾದ ಫಂಡು ಹಾಗೇ ಇರೋದು. ಇಲ್ಲಿಂದ ಕೆಳಕ್ಕೆ ಬರೀ ಏರಿಕೆ. ಆರು ವರ್ಷ ಒಂದು ತಿಂಗಳೂ ಇಳಿದಿಲ್ಲ. ಈ ನಲವತ್ತೊಂದನೇ ತಿಂಗಳಲ್ಲಿ ಮಾರುಕಟ್ಟೆ ಮಕಾಡೆ ಬಿದ್ದಿತ್ತು. ನನ್ನದು ಕಾಲು ಭಾಗ ಹೋಗಿತ್ತು, ಚೆನ್ನಾಗಿ ನೆನಪಿದೆ."

"ನೀನೂ ಹಾಕ್ತೀಯಾ?"

"ಮಗಳ ಓದಿಗೆ. ತಿಂಗಳಿಗೆ ಎರಡು ಸಾವಿರ."

"ನಾನೂ ಹಾಕಿದ್ದೆ ಸಾರ್, ಶೇರಿಗೆ," ಎಂದ ಕುಳ್ಳ.

"ಫೋನಲ್ಲಿ ಯಾರೋ ಹೇಳಿದ್ರು ಅಂತ ಹಾಕೋದಲ್ಲ. ನೀನು ಕಾಲಿಟ್ಟ ಮೇಲೆ ಯಾವ ಕಂಪನಿ ಉಳಿದಿದೆ, ಒಂದು ಹೆಸರು ಹೇಳು ನೋಡೋಣ," ಎಂದಳು ಅಕ್ಕ.

ಸಾಕ್ಷ್ಯವನ್ನು ಜಪ್ತಿ ಮಾಡಲೇಬೇಕಿತ್ತು. ಪಕ್ಕದ ಕೋಣೆಯ ವಾರ್ಡ್ ಸಹಾಯಕಿ ಮತ್ತು ಲಿಫ್ಟ್ ನಡೆಸುವವನು ಪಂಚರಾದರು. ಕುಳ್ಳ ಸ್ಕ್ರೂಡ್ರೈವರ್ ತಂದು ಬಾಗಿಲನ್ನು ಕೀಲಿನಿಂದ ಬಿಚ್ಚಿದ. 'ಐದೂವರೆ ಅಡಿ ಎತ್ತರದ, ಬಿಳಿ ಬಣ್ಣದ, ಮರದ ಕಪಾಟಿನ ಬಾಗಿಲು ಒಂದು' ಎಂದು ಪಂಚನಾಮೆಯಲ್ಲಿ ಬರೆದರು. ಜೀಪಿನಲ್ಲಿ ಅದು ಹಿಡಿಸಲಿಲ್ಲ. ಕುಳ್ಳ ಹಿಂದೆ ಕೂತು, ಅರ್ಧ ಬಾಗಿಲು ಹೊರಗೆ, ಅರ್ಧ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಬಾಗಿಲಿಲ್ಲದ ಕಪಾಟಿನ ಮುಂದೆ ಶೀಟಮ್ಮ ಒಂದು ಹಳೆಯ ಹೊದಿಕೆ ಇಳಿಬಿಟ್ಟಳು.

ಹದಿನಾರನೇ ತಾರೀಕು, ಶುಕ್ರವಾರ, ಫಂಡ್ ಕಂಪನಿಯ ದಾಖಲೆಗಳು ಬಂದವು. ಏಜೆಂಟನ ಕೈಕೆಳಗೆ ಎಪ್ಪತ್ತೈದು ಗ್ರಾಹಕರು. ಅರವತ್ತೊಂದು ಜನರ ಸ್ಟೇಟ್‌ಮೆಂಟ್ ಅಂಚೆಯಲ್ಲಿ ನೇರ ಅವರವರ ಮನೆಗೇ ಹೋಗುತ್ತಿತ್ತು. ಅವುಗಳಲ್ಲಿ ಒಂದು ಕಾಸೂ ಹೆಚ್ಚುಕಮ್ಮಿ ಇಲ್ಲ. ಹದಿನಾಲ್ಕು ಜನರ ವಿಳಾಸ ಮಾತ್ರ ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಬದಲಾಗಿತ್ತು. ಆ ಹದಿನಾಲ್ಕು ಖಾತೆಗಳಿಂದಲೇ ನಕಲಿ ಸಹಿ ಹಾಕಿ ಆಗಾಗ ಫಂಡಿನ ಪಾಲುಗಳಾದ ಯೂನಿಟ್‌ಗಳನ್ನು ಮಾರಲಾಗಿತ್ತು.

"ಇವರೇ ಯಾಕೆ?" ಎಂದ ಇನ್‌ಸ್ಪೆಕ್ಟರ್. "ಹೆಚ್ಚು ದುಡ್ಡಿನವರಾ?"

"ಅಲ್ಲ ಸಾರ್. ಉಳಿದವರಲ್ಲಿ ಇವರ ಹತ್ತರಷ್ಟು ಇಟ್ಟವರಿದ್ದಾರೆ. ಅವರದ್ದು ಮುಟ್ಟೇ ಇಲ್ಲ," ಎಂದಳು ಅಕ್ಕ.

ಶನಿವಾರ, ಭಾನುವಾರ ಮೂವರೂ ಹದಿನಾಲ್ಕು ಮನೆ ಸುತ್ತಿದರು. ಒಬ್ಬ ಕನ್ನಡಕದ ಅಂಗಡಿಯ ಹಳೆಯ ಗುಮಾಸ್ತ, ಒಬ್ಬಳು ಗಂಡ ಬಿಟ್ಟುಹೋದ ಬೇಕರಿ ಕೆಲಸದವಳು, ಒಬ್ಬ ಮದುವೆಯಾಗದ ಗಡಿಯಾರ ರಿಪೇರಿಯವನು. ಎಂಟನೇ ಮನೆಯ ಮುಂದೆ ಬೂಟು ಬಿಚ್ಚುವಾಗ ಕುಳ್ಳನಿಗೆ ಹೊಳೆಯಿತು.

"ಸಾರ್, ಎಲ್ಲಾ ಬಾಗಿಲಲ್ಲೂ ಒಂದೇ ಜೊತೆ ಚಪ್ಪಲಿ."

ಹದಿನಾಲ್ಕೂ ಒಂಟಿ ಮನೆಗಳು. ಹದಿನಾಲ್ಕೂ ಮನೆಗೆ ಗೊತ್ತಾದ ದಿನ, ಗೊತ್ತಾದ ಗಂಟೆ. ಎಲ್ಲರೂ ಅವನನ್ನು ಹೊಗಳಿದರು. ನಿಮ್ಮ ದುಡ್ಡು ಹೋಗಿದೆ ಎಂದರೆ ಅರ್ಧ ಜನ ನಂಬಲಿಲ್ಲ. ಗಡಿಯಾರದವನು ನಕ್ಕೇಬಿಟ್ಟ.

"ಯಾರು, ನಮ್ಮ ಮೇಷ್ಟ್ರಾ? ಮೊನ್ನೆ ಬುಧವಾರ ತಾನೇ ಬಂದು ಒಂದು ಗಂಟೆ ಕೂತು ಹೋದ್ರು."

ಇನ್‌ಸ್ಪೆಕ್ಟರ್ ಪೆನ್ನು ನಿಲ್ಲಿಸಿದ. "ಹದಿನಾಲ್ಕನೇ ತಾರೀಕು?"

"ಹೂಂ. ಎರಡನೇ ಬುಧವಾರ. ಅವರ ದಿನ."

ಕನ್ನಡಕದ ಗುಮಾಸ್ತನ ಮನೆಗೆ ಏಳನೇ ತಾರೀಕು ಬಂದಿದ್ದ. ಬೇಕರಿಯವಳ ಮನೆಗೆ ಹತ್ತರಂದು. ಕೋಣೆ ಬಿಟ್ಟು ಎಲ್ಲೋ ಅಡಗಿದ್ದ ಮನುಷ್ಯ ಒಂದು ಮನೆಯನ್ನೂ ತಪ್ಪಿಸಿರಲಿಲ್ಲ, ಶೀಟಮ್ಮನ ಮನೆಯೊಂದನ್ನು ಬಿಟ್ಟು.

"ತಲೆ ನೆಟ್ಟಗಿರೋ ಕಳ್ಳ ಹೀಗೆ ಮಾಡ್ತಾನಾ?" ಎಂದ ಕುಳ್ಳ.

"ಮುಂದಿನ ಮನೆ ಯಾವುದು?" ಎಂದು ಇನ್‌ಸ್ಪೆಕ್ಟರ್ ಕೇಳಿದ.

ಅಕ್ಕ ಹೇಳಿಕೆಗಳನ್ನು ತಿರುವಿ ಹಾಕಿದಳು. "ಮೂರನೇ ಮಂಗಳವಾರ, ಬೆಳಿಗ್ಗೆ ಹನ್ನೊಂದು. ಟೆಲಿಫೋನ್ ಆಪರೇಟರ್ ಆಗಿದ್ದ ಅಜ್ಜಿ. ಇಪ್ಪತ್ತನೇ ತಾರೀಕು."

ಯಾರೂ ಅವನಿಗೆ ಫೋನ್ ಮಾಡಬಾರದು ಎಂದು ಹದಿನಾಲ್ಕು ಮಂದಿಗೂ ಹೇಳಿಸಿದರು. ಮಾಡಿದರೂ ಸ್ವಿಚ್ ಆಫ್ ಇರುತ್ತಿತ್ತು.

ನಡುವೆ ಸೋಮವಾರ ಒಂದು ಕೆಲಸ ಉಳಿದಿತ್ತು. ಆರು ವರ್ಷದ ಹಿಂದೆ, ಬಾಗಿಲಿನ ಲೆಕ್ಕ ಇಳಿಯುವುದನ್ನು ನಿಲ್ಲಿಸಿದ ಆ ತಿಂಗಳಲ್ಲೇ, ಒಬ್ಬ ಗ್ರಾಹಕ ಖಾತೆ ಮುಚ್ಚಿದ್ದ. ನಿವೃತ್ತ ರೈಲು ಚಾಲಕ. ಎರಡನೇ ಮಹಡಿಯ ಮನೆ. ಅಲ್ಲೂ ಒಂದೇ ಜೊತೆ ಚಪ್ಪಲಿ.

"ಯಾಕೆ ಮುಚ್ಚಿದ್ರಿ?"

"ನಷ್ಟ ಅಂತ ತೋರಿಸ್ದ. ಉಗಿದು ಕಳಿಸ್ದೆ."

"ಅವನು ಏನಂದ?"

"ಸ್ವಲ್ಪ ದಿನ ತಾಳಿ, ಬಿದ್ದದ್ದು ಏಳುತ್ತೆ ಅಂದ. ಈ ಮೆಟ್ಟಿಲು ಇನ್ನೊಂದು ಸಲ ಹತ್ತಬೇಡ ಅಂದೆ. ಇದ್ದಷ್ಟು ಬಿಡಿಸ್ಕೊಂಡೆ."

"ಆಮೇಲೆ ಬಂದಿದ್ನಾ?"

"ಮುಂದಿನ ತಿಂಗಳು ಬಂದು ಕೆಳಗೆ ನಿಂತಿದ್ದ. ಕಿಟಕೀಲಿ ನೋಡ್ದೆ. ಕರೀಲಿಲ್ಲ." ಚಾಲಕ ಕಿಟಕಿಯ ಬಾಗಿಲು ಎಳೆದುಕೊಂಡ. "ನಾಲ್ಕು ವರ್ಷ ಎರಡನೇ ಗುರುವಾರ ತಪ್ಪದೆ ಬಂದವನು. ಆ ದಿನ ಈಗ ಒಂಚೂರು ಉದ್ದ."

ಇಪ್ಪತ್ತನೇ ತಾರೀಕು, ಮಂಗಳವಾರ, ಬೆಳಿಗ್ಗೆ 10.40. ಇನ್‌ಸ್ಪೆಕ್ಟರ್ ಮತ್ತು ಅಕ್ಕ ಟೆಲಿಫೋನ್ ಅಜ್ಜಿಯ ಅಡುಗೆಮನೆಯಲ್ಲಿ ನಿಂತಿದ್ದರು. ಕುಳ್ಳ ಬೀದಿಯ ತಿರುವಿನಲ್ಲಿದ್ದ. ಅಜ್ಜಿಗೆ ಎಪ್ಪತ್ತೊಂದು ವರ್ಷ. ಕಣ್ಣು ಮಂದವಾಗಿತ್ತು, ಕಿವಿ ಮಾತ್ರ ಚುರುಕು.

"ಅವರು ಕೂತು ಎರಡು ಮಾತಾಡಿದ ಮೇಲೆ ಹಿಡೀರಿ ಮಗಾ."

"ಆಗಲ್ಲ ಅಜ್ಜಿ."

"ಯಾಕಾಗಲ್ಲ? ಅವರೇನು ಚಾಕು ಹಿಡ್ಕೊಂಡು ಬರ್ತಾರಾ?"

10.58ಕ್ಕೆ ಅಜ್ಜಿ ತಲೆ ಎತ್ತಿದಳು. "ಬಂದ್ರು. ಎಡಗಾಲು ಎಳೀತಾರೆ."

ಐವತ್ತಾರು ವರ್ಷದ ಸಣಕಲು ಮನುಷ್ಯ ಒಳಗೆ ಬಂದ. ಗಡ್ಡ ಬೋಳಿಸಿದ್ದ, ಅಂಗಿಯ ಕಾಲರು ಮಾತ್ರ ಕೊಳೆಯಾಗಿತ್ತು. ಕಂಕುಳಲ್ಲಿ ಕಡತ. ಅಡುಗೆಮನೆಯಿಂದ ಬಂದ ಇಬ್ಬರನ್ನು ನೋಡಿದ, ಮತ್ತೆ ಅಜ್ಜಿಯನ್ನು ನೋಡಿದ.

"ಹೆಸರು?" ಎಂದ ಇನ್‌ಸ್ಪೆಕ್ಟರ್.

ಹೇಳಿದ.

"ದೂರು ಬಂದಿದೆ. ಯಾವ ಮನೆಯದು ಅಂತ ಗೊತ್ತಾ?"

"ಶೀಟಮ್ಮ."

11.05ಕ್ಕೆ ಬಂಧನ ಎಂದು ಅಕ್ಕ ಬರೆದುಕೊಂಡಳು. ಕಡತದಲ್ಲಿ ಹದಿನಾಲ್ಕು ಜನರ ನಿಜವಾದ ಸ್ಟೇಟ್‌ಮೆಂಟ್‌ಗಳಿದ್ದವು, ವರ್ಷದ ಪ್ರಕಾರ ಜೋಡಿಸಿ ದಾರ ಕಟ್ಟಿದ್ದವು. ಮೇಲೆ ಅಂದಿನ ನಕಲಿ ಹಾಳೆ, ಯಾವುದೋ ಅಂಗಡಿಯಲ್ಲಿ ಮುದ್ರಿಸಿದ್ದು. ಅವನನ್ನು ಹೊರಗೆ ಕರೆದೊಯ್ಯುವಾಗ ಅಜ್ಜಿ ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದಳು. 

ಠಾಣೆಯಲ್ಲಿ ಮಧ್ಯಾಹ್ನ 12.30ರಿಂದ ವಿಚಾರಣೆ ನಡೆಯಿತು. ಅವನು ಏನನ್ನೂ ಅಲ್ಲಗಳೆಯಲಿಲ್ಲ.

"ಊರು ಬಿಟ್ಟು ಯಾಕೆ ಓಡಿಹೋಗ್ಲಿಲ್ಲ?"

"ಇವತ್ತು ಬರ್ತೀನಿ ಅಂತ ಹೇಳಿದ್ದೆ ಅವರಿಗೆ."

"ಇಷ್ಟು ದಿನ ಎಲ್ಲಿದ್ದೆ?"

"ಲಾಡ್ಜಲ್ಲಿ."

"ಶೀಟಮ್ಮನ ಮನೆಗೆ ಯಾಕೆ ಹೋಗ್ಲಿಲ್ಲ?"

"ಅವರು ದುಡ್ಡು ಕೇಳಿದ್ರು. ಕೊಡೋಕೆ ಇರ್ಲಿಲ್ಲ."

"ಹದಿನಾಲ್ಕು ಜನರ ದುಡ್ಡು ಏನು ಮಾಡ್ದೆ?"

ಅವನು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ನಿಜಕ್ಕೂ ಮೇಷ್ಟರ ಹಾಗೆಯೇ ಬಿಡಿಸಿ ಹೇಳಿದ. ಮಾರುಕಟ್ಟೆ ಬಿದ್ದಾಗ ಎಲ್ಲರಿಗೂ ಬಿದ್ದ ಮೊತ್ತವನ್ನೇ ತೋರಿಸಬೇಕಿತ್ತು. ಚಾಲಕನಿಗೆ ತೋರಿಸಿದ, ಅವನು ಹೊರಗೆ ಹಾಕಿದ. ಉಳಿದ ಒಂಟಿ ಮನೆಗಳಿಗೆ ಸುಳ್ಳು ಹಾಳೆ ಮುದ್ರಿಸಿದ. ಒಂದೆರಡು ತಿಂಗಳು ಕಳೆದರೆ ನಿಜ ಏರಿ ಸುಳ್ಳನ್ನು ಮುಟ್ಟುತ್ತದೆ, ಆಗ ಸರಿಹೋಗುತ್ತದೆ ಎಂದುಕೊಂಡ. ಅಷ್ಟರಲ್ಲಿ ಇಬ್ಬರು ದುಡ್ಡು ವಾಪಸ್ ಕೇಳಿದರು. ಹಾಳೆಯಲ್ಲಿ ಇದ್ದಷ್ಟನ್ನೂ ಕೊಡಬೇಕಾಯಿತು. ಕಮ್ಮಿ ಬಿದ್ದದ್ದಕ್ಕೆ ತನ್ನ ಉಳಿತಾಯ ಹಾಕಿದ. ಆಮೇಲೆ ಇನ್ನೂ ಮೂವರು ಕೇಳಿದರು. ಆಗ ಒಬ್ಬರ ಯೂನಿಟ್ ಮಾರಿ ಇನ್ನೊಬ್ಬರಿಗೆ ಕೊಟ್ಟ. ಮಾರಿದ್ದೆಲ್ಲ ಬಿದ್ದ ಬೆಲೆಗೆ. ಅಲ್ಲಿಂದ ತೂತು ಬೆಳೆಯುತ್ತಲೇ ಹೋಯಿತು.

"ನಿನಗೆ ಎಷ್ಟು ಸಿಕ್ತು?"

"ಕಮಿಷನ್ ಬಿಟ್ರೆ ಏನೂ ಇಲ್ಲ."

"ಅದು ನಿನ್ನ ಜೇಬಿಗೆ ಹೋಗಿಲ್ಲ ಅಂದ್ರೆ ಅವಳಿಗೆ ಮನೆ ಸಿಗುತ್ತಾ?"

ಅವನು ಮೇಜಿನ ಮೇಲಿನ ಬೆರಳನ್ನು ಹಿಂದಕ್ಕೆ ಎಳೆದುಕೊಂಡ.

"ಕಂಪನಿಯವರು ಲೆಕ್ಕ ಹಾಕಿ ಕೊಟ್ಟಿದ್ದಾರೆ," ಎಂದ ಇನ್‌ಸ್ಪೆಕ್ಟರ್. "ಆ ನಷ್ಟಾನ ನಷ್ಟ ಅಂತಲೇ ಹೇಳಿ, ಕೈ ಕಟ್ಕೊಂಡು ಕೂತಿದ್ರೆ, ಶೀಟಮ್ಮನ ಖಾತೇಲಿ ಇವತ್ತು ಆರು ಲಕ್ಷ ಹದಿನಾಲ್ಕು ಸಾವಿರ ಇರ್ತಿತ್ತು. ನೀನು ಮುದ್ರಿಸಿದ ಸುಳ್ಳಿಗಿಂತ ಜಾಸ್ತಿ."

"ಗೊತ್ತು ಸಾರ್. ನಾನೂ ಹಾಕಿ ನೋಡಿದ್ದೆ."

"ಉಳಿದ ಅರವತ್ತೊಂದು ಜನಕ್ಕೆ ನಷ್ಟ ಅಂತ ಅಂಚೇಲಿ ಗೊತ್ತಾಯ್ತಲ್ಲ. ಅದಕ್ಕೆ ಅಡ್ಡ ಬರ್ಲಿಲ್ಲ ಯಾಕೆ?"

"ಅವರ ಮನೇಲಿ ಜನ ಇದ್ದಾರೆ. ಅವರವರೇ ಬೈದಾಡಿಕೊಂಡು ಸುಮ್ಮನಾಗ್ತಾರೆ. ನನ್ನನ್ನ ಬಾಗಿಲಲ್ಲೇ ಮಾತಾಡ್ಸಿ ಕಳಿಸೋರು. ಒಳಗೆ ಕರೆದು ಕೂರಿಸ್ತಿದ್ದವರು ಈ ಹದಿನಾಲ್ಕು ಜನ. ತಿಂಗಳಲ್ಲಿ ಹದಿನಾಲ್ಕು ದಿನ ಸಾರ್. ಉಳಿದ ದಿನ ನಾನು ಯಾರ ಹತ್ರಾನೂ ಮಾತಾಡೋದಿಲ್ಲ."

ಅಕ್ಕ ಬರೆಯುವುದನ್ನು ನಿಲ್ಲಿಸಿ ಇನ್‌ಸ್ಪೆಕ್ಟರನ ಮುಖ ನೋಡಿದಳು. "ಬರಿ," ಎಂದ ಅವನು. ಅವಳು ಬರೆದಳು. ಹೇಳಿಕೆಗೆ ಆರೋಪಿ ತನ್ನದೇ ಸಹಿ ಹಾಕಿದ.

ಬುಧವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದ. ಫೋನಿನಲ್ಲಿ ಹೇಳಬಹುದಾಗಿದ್ದ ವಿಷಯ, ಆದರೆ ಹೋದ. ಬಟ್ಟೆ ವಿಭಾಗದಲ್ಲಿ ಹಬೆ ತುಂಬಿತ್ತು. ಶೀಟಮ್ಮ ಉದ್ದ ಮೇಜಿನ ಒಂದು ತುದಿಯಲ್ಲಿ ನಿಂತು ಹೊದಿಕೆ ಮಡಿಸುತ್ತಿದ್ದಳು. ಇಬ್ಬರು ಹಿಡಿದು ಮಡಿಸುವ ಹೊದಿಕೆ ಅದು. ಆಕೆ ಒಂದು ಅಂಚನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ ಒಬ್ಬಳೇ ಎಳೆದು ಮಡಿಸುತ್ತಿದ್ದಳು.

"ಸಿಕ್ಕಿದ," ಎಂದ ಇನ್‌ಸ್ಪೆಕ್ಟರ್.

"ದುಡ್ಡು?"

"ಖಾತೇಲಿ ಇರೋ ಒಂದು ಲಕ್ಷ ನಲವತ್ತಾರು ಸಾವಿರ ನಿಮ್ಮದು, ಕೈಗೆ ಬರುತ್ತೆ. ಉಳಿದದ್ದಕ್ಕೆ ಕೋರ್ಟು, ಕಂಪನಿ ಅಂತ ಓಡಾಡಬೇಕು. ವರ್ಷಗಟ್ಟಲೆ ಹಿಡಿಯುತ್ತೆ. ಅವನ ಹತ್ರ ಏನೂ ಇಲ್ಲ. ಬರುತ್ತೆ ಅಂತ ಮಾತ್ರ ನಾನು ಹೇಳೋದಿಲ್ಲ."

ಆಕೆ ಮಡಿಸಿದ ಹೊದಿಕೆಯನ್ನು ರಾಶಿಯ ಮೇಲಿಟ್ಟು ಇನ್ನೊಂದನ್ನು ತೆಗೆದುಕೊಂಡಳು.

"ಹಾಗಾದ್ರೆ ಆ ಮನೆ ಹೋಯ್ತು."

"ಹೋಯ್ತು."

"ಮೇಟ್ರನ್ ಹತ್ರ ಕೇಳಿದ್ದೀನಿ. ಇನ್ನೊಂದು ವರ್ಷ ದಿನಗೂಲಿ ಮೇಲೆ ಇಟ್ಕೋತಾರಂತೆ. ಆಯಾಗಳ ಕೋಣೇಲಿ ಒಂದು ಮಂಚ ಕೊಡ್ತಾರೆ. ಆರು ಮಂಚದ ಕೋಣೆ." ಆಕೆ ಅಂಚನ್ನು ಕೊಕ್ಕೆಗೆ ಸಿಕ್ಕಿಸಿದಳು. "ಯಾಕೆ ಹಾಗೆ ಮಾಡಿದ್ರಂತೆ? ಕುಡಿತವಾ, ಜೂಜಾ?"

"ಎರಡೂ ಅಲ್ಲ. ನಷ್ಟ ಆಗಿದೆ ಅಂತ ಹೇಳಿದ್ರೆ ನೀವು ಇನ್ನು ಬರಬೇಡಿ ಅಂತೀರಿ ಅಂತ ಹೆದರಿದ್ದ. ಅಷ್ಟೇ."

ಶೀಟಮ್ಮ ಹೊದಿಕೆಯನ್ನು ಎಳೆದು ಹಿಡಿದು ನಿಂತಳು. ಆರು ವರ್ಷದ ಹಿಂದಿನ ಆ ಭಾನುವಾರವನ್ನು, ಆ ಸಂಜೆ ನಾಲ್ಕು ಗಂಟೆಯನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿದ್ದಳೇನೋ. ಆಮೇಲೆ ಅಂಚಿಗೆ ಅಂಚು ಕೂಡಿಸಿದಳು.

"ಹೌದು, ಬರಬೇಡಿ ಅಂತಿದ್ದೆ," ಎಂದಳು.